ಆಸ್ಕರ್ ಕ್ಯಾಮೆರಾ ನಾಮಿನೇಷನ್ ಊಹಿಸುವ ಹಾಳೆ: 120 ಸಾಲು, ನಾಲ್ಕು ಡಬ್ಬಿ

ಈ ಹಾಳೆ ಆಸ್ಕರ್ ಯಾರಿಗೆ ಬರುತ್ತದೆ ಎಂದು ಹೇಳುವುದಿಲ್ಲ. ಜನವರಿಯಲ್ಲೊಂದು ದಿನ ಛಾಯಾಗ್ರಹಣಕ್ಕೆ ಐದು ಹೆಸರು ಓದುತ್ತಾರಲ್ಲ, ಆ ಐದು ಯಾವುವು ಎಂಬುದನ್ನು ಹಿಂದಿನ ರಾತ್ರಿ ಹೇಳಲು ಕಟ್ಟಿದ್ದು. ಗೆಲುವಿಗೆ ಅಕಾಡೆಮಿಯ ಎಲ್ಲ ಶಾಖೆಗಳವರೂ ಮತ ಹಾಕುತ್ತಾರೆ. ನಾಮಿನೇಷನ್‌ಗೆ ಮಾತ್ರ ಆಯಾ ಕಸುಬಿನವರದ್ದೇ ಮತ: ಕ್ಯಾಮೆರಾಕ್ಕೆ ಕ್ಯಾಮೆರಾದವರು, ಸಂಕಲನಕ್ಕೆ ಎಡಿಟರ್‌ಗಳು, ಉಡುಪಿಗೆ ವಸ್ತ್ರವಿನ್ಯಾಸಕರು. ಎರಡೂ ಬೇರೆ ಬೇರೆ ಚುನಾವಣೆ. ಎರಡನ್ನೂ ಒಂದೇ ಸೂತ್ರದಲ್ಲಿ ಹಿಡಿಯಲು ಹೋದರೆ ಎರಡೂ ಕೈತಪ್ಪುತ್ತವೆ.

ಛಾಯಾಗ್ರಹಣವನ್ನೇ ಆರಿಸಿಕೊಳ್ಳಲು ಕಾರಣ, ಅದರ ಲೆಕ್ಕ ಚೊಕ್ಕ. ವರ್ಷಕ್ಕೆ ಐದೇ ಸ್ಥಾನ, ನಡುವೆ ವಿಭಾಗ ಒಡೆದಿಲ್ಲ, ಕೂಡಿಲ್ಲ. ಈ ಹಾಳೆಯ ವರ್ಷಗಳಲ್ಲಿ ಮುಂಚಿತವಾಗಿ ಬರುತ್ತಿದ್ದ ಗಟ್ಟಿ ಪಟ್ಟಿಗಳು ಎರಡು: ಅಮೆರಿಕದ ಛಾಯಾಗ್ರಾಹಕರ ಸಂಘ ಎಎಸ್‌ಸಿಯದು ಒಂದು, ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿ ಬಾಫ್ಟಾದ್ದು ಇನ್ನೊಂದು. ಹಾಳೆಯಲ್ಲಿ ಇರುವುದು 90ರಿಂದ 97ನೇ ಆಸ್ಕರ್‌ವರೆಗೆ, ಅಂದರೆ 2017ರಿಂದ 2024ರವರೆಗಿನ ಚಿತ್ರಗಳು. ಎಂಟು ವರ್ಷ, 40 ಸ್ಥಾನ.

ಬೇಕಾದ ಸಾಮಾನು ಕಡಿಮೆ. ಲಿಬ್ರೆ ಆಫೀಸ್ ಕ್ಯಾಲ್ಕ್ ಸಾಕು, ಅದರಲ್ಲಿ ಗೋಲ್ ಸೀಕ್, ಅಂದರೆ ಬೇಕಾದ ಉತ್ತರ ಕೊಟ್ಟರೆ ಅದಕ್ಕೆ ತಕ್ಕ ಅಂಕಿ ಹುಡುಕಿಕೊಡುವ ಸಾಧನ, ಒಳಗೇ ಬರುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಕಟ್ಟುವವರು ಅದಕ್ಕೊಂದು ಆಡ್‌ಆನ್ ಹಾಕಿಕೊಳ್ಳಬೇಕು, ಇಲ್ಲವೇ ಕೆಳಗೆ ಹೇಳುವ ಕೈದಾರಿ ಹಿಡಿಯಬೇಕು. ಪೈಥಾನ್‌ನಲ್ಲಿ ಬರೆಯಲು ಅಡ್ಡಿಯಿಲ್ಲ, ಆದರೆ 120 ಸಾಲಿಗೆ ಅಷ್ಟು ದೊಡ್ಡ ಯಂತ್ರ ಹೂಡುವುದು ಒಂದು ಕುಂಟೆ ಗದ್ದೆಗೆ ಟ್ರ್ಯಾಕ್ಟರ್ ಇಳಿಸಿದ ಹಾಗೆ. ಇನ್ನೊಂದು ಲಾಭವೂ ಇದೆ: ಶೀಟಿನಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ.

ಮೂರು ಶೀಟ್. ‘ಚಿತ್ರಗಳು’ ಎಂಬುದರಲ್ಲಿ ಸಾಲಿಗೊಂದು ಚಿತ್ರ. ‘ಪಟ್ಟಿಗಳು’ ಎಂಬುದರಲ್ಲಿ ಯಾವ ಸಂಘ ಯಾವ ದಿನ ಯಾವ ಹೆಸರು ಪ್ರಕಟಿಸಿತು ಎಂಬುದು. ‘ಲೆಕ್ಕ’ದಲ್ಲಿ ಉಳಿದದ್ದು.

ಯಾರನ್ನು ಸಾಲಿಗೆ ಸೇರಿಸಬೇಕು

ಹೆಚ್ಚಿನವರ ಹಾಳೆ ಕೆಡುವುದು ಇಲ್ಲೇ. 2018ರ ಸಾಲುಗಳನ್ನು ಇವತ್ತು ಕೂತು ತುಂಬುವಾಗ ‘ನೆವರ್ ಲುಕ್ ಅವೇ’ ನಾಮಿನೇಟ್ ಆಗಿತ್ತು ಎಂದು ಕೈಗೆ ಗೊತ್ತಿರುತ್ತದೆ, ಹಾಗಾಗಿ ಅದನ್ನು ಸಾಲಿಗೆ ಸೇರಿಸಿಬಿಡುತ್ತದೆ. ಆ ವರ್ಷ ಜನವರಿಯಲ್ಲಿ ಅದನ್ನು ಯಾರು ಸೇರಿಸುತ್ತಿದ್ದರು? ಎಎಸ್‌ಸಿ ಪಟ್ಟಿಯಲ್ಲಿರಲಿಲ್ಲ, ಬಾಫ್ಟಾದಲ್ಲೂ ಇರಲಿಲ್ಲ. ಉತ್ತರ ನೋಡಿಕೊಂಡು ಪ್ರಶ್ನೆಪತ್ರಿಕೆ ಬರೆದಂತಾಗುತ್ತದೆ.

ಅದಕ್ಕೆ ನಿಯಮ ಮೊದಲು, ಹೆಸರು ಆಮೇಲೆ. ಪ್ರತಿ ವರ್ಷಕ್ಕೆ 14 ಚಿತ್ರ: ಎಎಸ್‌ಸಿ ನಾಮಿನೇಷನ್‌ಗಳೆಲ್ಲ, ಬಾಫ್ಟಾ ಛಾಯಾಗ್ರಹಣದ ಐದು, ಆಮೇಲೆ ನಿರ್ಮಾಪಕರ ಸಂಘದ, ಅಂದರೆ ಪಿಜಿಎಯ ಪಟ್ಟಿ, ಇನ್ನೂ ಜಾಗ ಉಳಿದರೆ ಕ್ರಿಟಿಕ್ಸ್ ಚಾಯ್ಸ್‌ನ ಛಾಯಾಗ್ರಹಣ ಪಟ್ಟಿಯಂಥ ವಿಮರ್ಶಕರ ಪಟ್ಟಿಗಳು. ಹದಿನೈದನೇ ಸಾಲು ‘ಇತರೆ’. ಪಟ್ಟಿಯ ಹೊರಗಿನ ಯಾವ ಚಿತ್ರ ಬಂದರೂ ಗೆದ್ದದ್ದು ಈ ಸಾಲು. ‘ನೆವರ್ ಲುಕ್ ಅವೇ’ ಹಾಗೆ 2018ರ ‘ಇತರೆ’ಗೆ ಹೋಯಿತು. ಈ ಒಂದು ಸಾಲು ಇಲ್ಲದಿದ್ದರೆ ಹಾಳೆ ತನಗೆ ಎಲ್ಲ ಗೊತ್ತಿದೆ ಎಂದೇ ನಂಬಿಕೊಂಡಿರುತ್ತದೆ.

ಹೆಸರು ಕೂಡದ ರಗಳೆ

ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಏನಾಗುತ್ತದೆಯೋ ಇಲ್ಲೂ ಅದೇ. ಅಮೆರಿಕದ ಪಟ್ಟಿಯಲ್ಲಿ ‘ಫೋರ್ಡ್ ವಿ ಫೆರಾರಿ’, ಬಾಫ್ಟಾ ಪಟ್ಟಿಯಲ್ಲಿ ಅದೇ ಚಿತ್ರ ‘ಲ ಮಾನ್ಸ್ 66’. ‘ಬಾರ್ಡೋ’ ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಉಪಶೀರ್ಷಿಕೆಯೊಡನೆ ಒಂದು ಗೇಣು ಉದ್ದ. ‘ಡ್ಯೂನ್: ಪಾರ್ಟ್ ಟೂ’ಗೆ ಕೆಲವರು ಅಂಕಿ ಹಾಕುತ್ತಾರೆ, ಕೆಲವರು ಕೋಲನ್ ಬಿಡುತ್ತಾರೆ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು. ‘ಟಾರ್’, ‘ಎಮಿಲಿಯಾ ಪೆರೆಸ್’ ಹೆಸರುಗಳಲ್ಲಿ ರೋಮನ್ ಅಕ್ಷರದ ಮೇಲೊಂದು ಗೀಟು ಇದೆ. ಆ ಗೀಟುಳ್ಳ ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಅಕ್ಷರ ಮತ್ತು ಗೀಟು ಎಂದು ಎರಡು ಸಂಕೇತವಾಗಿಯೂ ಬರೆಯಬಹುದು. ಕನ್ನಡದ ‘ಕೋ’ದ ಓತ್ವವೂ ಒಂದೇ ಸಂಕೇತವಾಗಿ ಅಥವಾ ಮೂರು ತುಂಡಾಗಿ ಇರಬಹುದಲ್ಲ, ಹಾಗೆ. ಪರದೆಯ ಮೇಲೆ ಎರಡೂ ಒಂದೇ, ಹೆಸರು ಹುಡುಕಿ ಹೊಂದಿಸುವ ಸೂತ್ರವಾದ ವಿಲುಕ್‌ಅಪ್‌ಗೆ ಎರಡೂ ಬೇರೆ. ಹುಡುಕಿದ್ದು ಸಿಗದಿದ್ದರೆ ಸೊನ್ನೆ ಕೊಡು ಎಂದು ಇಫ್‌ಎರರ್ ಕಟ್ಟಿಟ್ಟಿದ್ದರಂತೂ ಕಥೆ ಮುಗಿಯಿತು: ಬಾಫ್ಟಾ ಪಟ್ಟಿಯಲ್ಲಿದ್ದ ‘ಎಮಿಲಿಯಾ ಪೆರೆಸ್’ಗೆ ಸದ್ದಿಲ್ಲದೆ ಸೊನ್ನೆ ಬೀಳುತ್ತದೆ, ಹಾಳೆ ಎಲ್ಲಿಯೂ ಕೆಂಪಾಗುವುದಿಲ್ಲ.

ಪರಿಹಾರ ಸರಳ. ಹೆಸರಿನಿಂದ ಹೊಂದಿಸಬೇಡಿ. ಪ್ರತಿ ಚಿತ್ರಕ್ಕೆ ವರ್ಷ ಮತ್ತು ಕ್ರಮಸಂಖ್ಯೆ ಸೇರಿದ ಗುರುತು ಕೊಡಿ, 2024-07 ಎಂಬಂತೆ. ‘ಪಟ್ಟಿಗಳು’ ಶೀಟಿನಲ್ಲಿ ಆ ಗುರುತನ್ನು ಕೈಯಾರೆ ಬರೆಯಿರಿ. ಎಂಟು ವರ್ಷಕ್ಕೆ ಎಎಸ್‌ಸಿ 42, ಬಾಫ್ಟಾ 40 ನಮೂದು, ಅರ್ಧ ಗಂಟೆಯ ಕೆಲಸ. ಇಫ್‌ಎರರ್ ತೆಗೆದು ಬಿಸಾಡಿ. ಕೊನೆಗೊಂದು ತಾಳೆ ಸಾಲು ಹಾಕಿ: ವರ್ಷಕ್ಕೆ ಬಾಫ್ಟಾ ಮೊತ್ತ 5 ಬರಬೇಕು, ಎಎಸ್‌ಸಿ ಮೊತ್ತ 5, ಏಳು ಹೆಸರು ಕೊಟ್ಟ 2024ಕ್ಕೆ ಮಾತ್ರ 7. ಬರದಿದ್ದರೆ ಎಲ್ಲೋ ಒಂದು ಚಿತ್ರ ಕಳೆದುಹೋಗಿದೆ.

ವರ್ಷದ ಕಾಲಂನಲ್ಲಿಯೂ ಹೀಗೇ ಎಡವುವುದುಂಟು. ಚಿತ್ರ 2024ರದು, ಸಮಾರಂಭ 97ನೆಯದು, ನಡೆದದ್ದು 2025ರ ಮಾರ್ಚ್‌ನಲ್ಲಿ. ಅದೇ ಸಾಲಿನ ಬಾಫ್ಟಾ 78ನೆಯದು. ನಾಲ್ಕರಲ್ಲಿ ಒಂದನ್ನು ಹಿಡಿದು ಕೊನೆವರೆಗೂ ಬಿಡಬೇಡಿ. ಈ ಹಾಳೆಯಲ್ಲಿ ಎಲ್ಲವೂ ಚಿತ್ರದ ವರ್ಷ.

ದಿನಾಂಕದ ಕಾಲಂ

‘ಪಟ್ಟಿಗಳು’ ಶೀಟಿನಲ್ಲಿ ಪ್ರತಿ ನಮೂದಿಗೂ ಪ್ರಕಟವಾದ ದಿನಾಂಕ ಇರಲೇಬೇಕು. ಆಸ್ಕರ್ ನಾಮಿನೇಷನ್ ದಿನಕ್ಕಿಂತ ಮುಂಚೆ ಗೊತ್ತಿದ್ದದ್ದು ಮಾತ್ರ ಲೆಕ್ಕಕ್ಕೆ. ಎಎಸ್‌ಸಿಯಲ್ಲಿ ನಾಮಿನೇಟ್ ಆದದ್ದು ಸರಿ. ಎಎಸ್‌ಸಿ ಗೆದ್ದದ್ದು ನಂತರ ಬರುವ ಸುದ್ದಿ. ಅದನ್ನು ಕಾಲಂ ಮಾಡಿದರೆ ಹಿಂದಿನ ವರ್ಷಗಳಲ್ಲಿ ಹಾಳೆ ಭೇಷ್ ಎನ್ನಿಸಿಕೊಳ್ಳುತ್ತದೆ, ಬರುವ ಜನವರಿಯಲ್ಲಿ ಆ ಕಾಲಂ ಖಾಲಿ ಇರುತ್ತದೆ. ಅತ್ಯುತ್ತಮ ಚಿತ್ರದ ನಾಮಿನೇಷನ್ನೂ ಹೀಗೆಯೇ ವಿಷ. ಅದು ಅದೇ ಬೆಳಿಗ್ಗೆ, ಅದೇ ವೇದಿಕೆಯಿಂದ ಓದುವ ಹೆಸರು.

ಹುಷಾರಾಗಿರಬೇಕಾದ ಇನ್ನೊಂದು ಸೋರಿಕೆ: ವೆಬ್‌ಪುಟಗಳ ಕೋಷ್ಟಕದಲ್ಲಿ ಗೆದ್ದ ಹೆಸರನ್ನು ಮೊದಲ ಸಾಲಿನಲ್ಲಿ ಇಡುವ ರೂಢಿ. ನಕಲು ಮಾಡಿ ಅಂಟಿಸಿ, ಸಾಲಿನ ಕ್ರಮದಲ್ಲೇ ಕ್ರಮಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಲೆಕ್ಕಕ್ಕೂ ಬಿಟ್ಟರೆ ಫಲಿತಾಂಶ ಹಿಂಬಾಗಿಲಿನಿಂದ ಒಳಬರುತ್ತದೆ. ಅಂಟಿಸಿದ ಕೂಡಲೇ ಅಕ್ಷರಾನುಕ್ರಮಕ್ಕೆ ಹಾಕಿ.

ಬಾಫ್ಟಾ ಬಗ್ಗೆ ಒಂದು ಮಾತು. 2023ರಲ್ಲಿ ಆಸ್ಕರ್ ನಾಮಿನೇಷನ್ ಮತದಾನ ಜನವರಿ 17ಕ್ಕೆ ಮುಗಿಯಿತು, ಬಾಫ್ಟಾ ಪಟ್ಟಿ ಬಂದದ್ದು 19ಕ್ಕೆ, ಆಸ್ಕರ್ ಪ್ರಕಟಣೆ 24ಕ್ಕೆ. ಬಾಫ್ಟಾ ನೋಡಿ ಯಾರೂ ಆಸ್ಕರ್ ಮತ ಹಾಕಿರಲು ಸಾಧ್ಯವಿಲ್ಲ. ಆದರೂ ಊಹೆಗೆ ಅದು ನೆರವಾಗುತ್ತದೆ, ಏಕೆಂದರೆ ಎರಡೂ ಒಂದೇ ಗಾಳಿಯ ದಿಕ್ಕು ತೋರಿಸುವ ಬಾವುಟಗಳು. 2025ರಲ್ಲಿ ಲಾಸ್ ಏಂಜಲೀಸ್ ಕಾಳ್ಗಿಚ್ಚಿನಿಂದಾಗಿ ಪ್ರಕಟಣೆ ಜನವರಿ 17ರಿಂದ 19ಕ್ಕೆ, ಅಲ್ಲಿಂದ 23ಕ್ಕೆ ಸರಿಯಿತು. ‘ಜನವರಿ ಮೂರನೇ ವಾರ’ ಎಂದು ಸೂತ್ರದಲ್ಲಿ ಗಟ್ಟಿಯಾಗಿ ಬರೆದಿಟ್ಟವರು ತಿದ್ದಬೇಕಾಯಿತು. ದಿನಾಂಕ ಯಾವಾಗಲೂ ಒಂದು ಪ್ರತ್ಯೇಕ ಕೋಶದಲ್ಲಿರಲಿ.

ಮೊದಲ ಎಣಿಕೆ, ಮೊದಲ ತಪ್ಪು

ಎಎಸ್‌ಸಿ ಪಟ್ಟಿಯಿಂದ ಆಸ್ಕರ್ ಐದಕ್ಕೆ ಬಂದವು, ವರ್ಷವಾರು: 2017ರಲ್ಲಿ 5, ಮುಂದಿನ ನಾಲ್ಕು ವರ್ಷ ತಲಾ 4, 2022ರಲ್ಲಿ 3, 2023ರಲ್ಲಿ 5, 2024ರಲ್ಲಿ 4. ಒಟ್ಟು 40ರಲ್ಲಿ 33. ಬಾಫ್ಟಾದಿಂದ 40ರಲ್ಲಿ 30.

ಎರಡೂ ಒಳ್ಳೆಯ ಸಾಕ್ಷಿಗಳೇ. ಹಾಗಾದರೆ ಎರಡರ ತೂಕ ಕೂಡಿಸಿಬಿಡೋಣ ಎಂದು ಕೈ ತುರಿಸುತ್ತದೆ. ಕೂಡಿಸಿ ನೋಡಿ; ಅನುಪಾತದ ಲೆಕ್ಕದಲ್ಲಿ ತೂಕ ಕೂಡಿಸುವುದೆಂದರೆ ಗುಣಿಸುವುದು. ವರ್ಷಕ್ಕೆ 15 ಸಾಲಿನಲ್ಲಿ 5 ಗೆಲ್ಲುವುದರಿಂದ ಆರಂಭದ ಅನುಪಾತ 1ಕ್ಕೆ 2, ಅಂದರೆ 0.5. ಎಎಸ್‌ಸಿಯಲ್ಲಿದ್ದರೆ ಅದನ್ನು 7.33ರಿಂದ ಗುಣಿಸಬೇಕು: ಗೆದ್ದ 40ರಲ್ಲಿ 33 ಆ ಪಟ್ಟಿಯಲ್ಲಿದ್ದವು, ಸೋತ 80 ಸಾಲುಗಳಲ್ಲಿ 9; ಮೊದಲ ಪಾಲನ್ನು ಎರಡನೆಯದರಿಂದ ಭಾಗಿಸಿದ್ದು. ಬಾಫ್ಟಾಗೆ 40ರಲ್ಲಿ 30 ಮತ್ತು 80ರಲ್ಲಿ 10, ಅಂದರೆ 6. ಎಲ್ಲ ಗುಣಿಸಿದರೆ 22ಕ್ಕೆ 1, ಅಂದರೆ 23ರಲ್ಲಿ 22 ಪಾಲು, ಶೇ 96. ಎರಡೂ ಪಟ್ಟಿಯಲ್ಲಿದ್ದ ಚಿತ್ರ ಶೇ 96 ಒಳಗೆ ಎಂದು ಹಾಳೆ ಹೇಳುತ್ತದೆ. ನಿಜವಾಗಿ ಎರಡೂ ಪಟ್ಟಿಯಲ್ಲಿದ್ದವು 31, ಒಳಗೆ ಬಂದವು 26. ಶೇ 84.

ತಪ್ಪು ಎಲ್ಲಿ? ಒಂದೇ ಸಾಕ್ಷಿಯನ್ನು ಎರಡು ಸಲ ಕಟಕಟೆಗೆ ಕರೆದದ್ದು. ‘ಡ್ಯೂನ್’ ಚೆನ್ನಾಗಿ ಕಂಡಿತು ಎಂದು ಎಎಸ್‌ಸಿಯವರೂ ಹೇಳಿದರು, ಬಾಫ್ಟಾದವರೂ ಹೇಳಿದರು. ಇಬ್ಬರೂ ನೋಡಿದ್ದು ಅದೇ ಚಿತ್ರ, ಅದೇ ಪ್ರಚಾರದ ಅಲೆಯಲ್ಲಿ.

ನಾಲ್ಕು ಡಬ್ಬಿ

ಹಾಗಾಗಿ ಕೂಡುವುದನ್ನು ಬಿಟ್ಟು ಚಿತ್ರಗಳನ್ನು ನಾಲ್ಕು ಡಬ್ಬಿಗೆ ಹಾಕಿದರೆ ಸಾಕು. ಸೂತ್ರ ಒಂದೇ: ಎಎಸ್‌ಸಿ ಕಾಲಂನ 1 ಅಥವಾ 0 ಅನ್ನು 2ರಿಂದ ಗುಣಿಸಿ, ಬಾಫ್ಟಾ ಕಾಲಂನದ್ದನ್ನು ಅದಕ್ಕೆ ಸೇರಿಸಿ. 3 ಬಂದರೆ ಎರಡರಲ್ಲೂ ಇದೆ, 2 ಎಎಸ್‌ಸಿ ಮಾತ್ರ, 1 ಬಾಫ್ಟಾ ಮಾತ್ರ, 0 ಎರಡರಲ್ಲೂ ಇಲ್ಲ. ಷರತ್ತಿಗೆ ಹೊಂದುವ ಸಾಲು ಎಣಿಸುವ ಸೂತ್ರ ಕೌಂಟ್‌ಇಫ್ಸ್‌ನಿಂದ ಎಣಿಸಿದಾಗ ಬಂದದ್ದು:

ಎರಡೂ: 31ರಲ್ಲಿ 26.
ಎಎಸ್‌ಸಿ ಮಾತ್ರ: 11ರಲ್ಲಿ 7.
ಬಾಫ್ಟಾ ಮಾತ್ರ: 9ರಲ್ಲಿ 4.
ಎರಡೂ ಇಲ್ಲ: 69ರಲ್ಲಿ 3.

ಎರಡೂ ಪಟ್ಟಿಯಲ್ಲಿದ್ದು ಬಾಗಿಲಲ್ಲೇ ನಿಂತ ಐದು ಯಾವುವು ನೋಡಿ: ‘ಫಸ್ಟ್ ಮ್ಯಾನ್’, ‘ಫೋರ್ಡ್ ವಿ ಫೆರಾರಿ’, ‘ದ ಬ್ಯಾಟ್‌ಮ್ಯಾನ್’, ‘ಟಾಪ್ ಗನ್: ಮ್ಯಾವರಿಕ್’, ‘ಕಾನ್‌ಕ್ಲೇವ್’. ಕೊನೆಯದನ್ನು ಬಿಟ್ಟರೆ ರಾಕೆಟ್, ರೇಸ್ ಕಾರು, ಬ್ಯಾಟ್‌ಮೊಬೈಲ್, ಯುದ್ಧವಿಮಾನ. ಯಂತ್ರದ ಅಬ್ಬರ ಹೆಚ್ಚಿದ್ದ ಚಿತ್ರಗಳಿಗೆ ಕ್ಯಾಮೆರಾ ಶಾಖೆ ಸ್ವಲ್ಪ ಬಿಗಿ. ‘ಟಾಪ್ ಗನ್’ ಆ ವರ್ಷ ಅತ್ಯುತ್ತಮ ಚಿತ್ರದ ಹತ್ತರಲ್ಲೂ ಇತ್ತು, ಶಬ್ದಕ್ಕೆ ಪ್ರಶಸ್ತಿಯನ್ನೂ ಹೊಡೆಯಿತು. ಕ್ಯಾಮೆರಾ ಐದಕ್ಕೆ ಮಾತ್ರ ಬರಲಿಲ್ಲ.

ಎದುರು ದಿಕ್ಕಿನವು, ಎಎಸ್‌ಸಿಯಲ್ಲಿ ಮಾತ್ರ ಕಂಡು ಒಳಗೆ ಬಂದ ಏಳು: ‘ಮಡ್‌ಬೌಂಡ್’, ‘ಎ ಸ್ಟಾರ್ ಈಸ್ ಬಾರ್ನ್’, ‘ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್’, ‘ದ ಟ್ರಯಲ್ ಆಫ್ ದ ಶಿಕಾಗೋ 7’, ‘ಬಾರ್ಡೋ’, ‘ಎಲ್ ಕಾಂಡೆ’, ‘ಮರಿಯಾ’. ಕೊನೆಯ ಮೂರಕ್ಕೂ ಆಸ್ಕರ್‌ನಲ್ಲಿ ಸಿಕ್ಕ ನಾಮಿನೇಷನ್ ಅದೊಂದೇ. ಆ ಮೂರಕ್ಕೆ ಕ್ಯಾಮೆರಾ ಹಿಡಿದವರು ಡೇರಿಯಸ್ ಖೋಂಜಿ ಒಮ್ಮೆ, ಎಡ್ ಲಾಕ್‌ಮನ್ ಎರಡು ಬಾರಿ. ಮಿಕ್ಕ ಅಕಾಡೆಮಿ ತಿರುಗಿ ನೋಡದ ಚಿತ್ರವನ್ನು ಕ್ಯಾಮೆರಾದವರು ತಮ್ಮವರೆಂದು ಹೊತ್ತು ತಂದದ್ದು.

ಇದು ಹೇಗೆ ಸಾಧ್ಯ ಎಂಬುದು ನಮ್ಮ ರಾಜ್ಯಸಭಾ ಚುನಾವಣೆಯ ಲೆಕ್ಕ ಗೊತ್ತಿದ್ದವರಿಗೆ ತಟ್ಟನೆ ಹೊಳೆಯುತ್ತದೆ. ಕರ್ನಾಟಕದಿಂದ ನಾಲ್ಕು ಸ್ಥಾನಕ್ಕೆ 224 ಶಾಸಕರು ಮತ ಹಾಕಿದರೆ ಗೆಲ್ಲಲು 45 ಮತ ಸಾಕು: ಸ್ಥಾನಕ್ಕಿಂತ ಒಂದು ಹೆಚ್ಚು ಸಂಖ್ಯೆಯಿಂದ ಭಾಗಿಸಿ ಒಂದು ಸೇರಿಸುವ ಲೆಕ್ಕ. ಆಸ್ಕರ್‌ನ ಕ್ಯಾಮೆರಾ ನಾಮಿನೇಷನ್‌ನಲ್ಲೂ ಸದಸ್ಯರು ಪ್ರಾಶಸ್ತ್ಯದ ಕ್ರಮದಲ್ಲಿ ಐದು ಹೆಸರು ಬರೆಯುತ್ತಾರೆ, ಎಣಿಕೆಯೂ ಅದೇ ಕುಲದ್ದು. 300 ಮತ ಬಿತ್ತೆನ್ನಿ: 300 ಭಾಗ 6 ಅಂದರೆ 50, ಒಂದು ಸೇರಿಸಿದರೆ 51. ಐವತ್ತೊಂದು ಜನ ಮೊದಲ ಪ್ರಾಶಸ್ತ್ಯ ಕೊಟ್ಟರೆ ಚಿತ್ರ ಒಳಗೆ, ಉಳಿದ 249 ಜನ ಅದನ್ನು ನೋಡಿಯೇ ಇಲ್ಲದಿದ್ದರೂ ಸರಿ. ಇನ್ನೊಂದು ಚಿತ್ರವನ್ನು ಎಲ್ಲ ಮುನ್ನೂರು ಜನರೂ ನಾಲ್ಕನೇ ಸ್ಥಾನದಲ್ಲಿ ಬರೆದಿದ್ದಾರೆ, ಮೊದಲ ಪ್ರಾಶಸ್ತ್ಯ ಯಾರೂ ಕೊಟ್ಟಿಲ್ಲ ಎಂದಾದರೆ ಅದು ಮೊದಲ ಸುತ್ತಿನಲ್ಲೇ ಮನೆಗೆ. ಎಲ್ಲರೂ ಮೆಚ್ಚಿದ ಚಿತ್ರಕ್ಕಿಂತ ಕೆಲವರು ಮರುಳಾದ ಚಿತ್ರಕ್ಕೆ ಈ ಪದ್ಧತಿ ಒಲಿಯುತ್ತದೆ.

ಎರಡೂ ಪಟ್ಟಿಯ ಹೊರಗಿನಿಂದ ಬಂದ ಮೂರು: ‘ನೆವರ್ ಲುಕ್ ಅವೇ’, ‘ವೆಸ್ಟ್ ಸೈಡ್ ಸ್ಟೋರಿ’, ‘ಟಾರ್’. ಮೊದಲನೆಯದರ ಕೇಲಬ್ ಡೆಶನೆಲ್‌ಗೆ ಅದು ಆರನೇ ನಾಮಿನೇಷನ್. ಎರಡನೆಯದರ ಯಾನುಷ್ ಕಮಿನ್‌ಸ್ಕಿ ಎರಡು ಆಸ್ಕರ್ ಗೆದ್ದವರು. ಹಾಗೆಂದು ‘ಹಿರಿಯ ಹೆಸರು’ ಎಂದೊಂದು ಕಾಲಂ ಸೇರಿಸಬೇಡಿ. ಮೂರು ಸಾಲು ನೋಡಿ ಕಟ್ಟಿದ ಕಾಲಂ ಮುಂದಿನ ವರ್ಷ ಯಾವುದಾದರೂ ಹಿರಿಯರನ್ನು ಸುಮ್ಮನೆ ಮೇಲೆತ್ತುತ್ತದೆ. ಕಪ್ಪು-ಬಿಳುಪು ಕಾಲಂ ಕೂಡ ಇದೇ ಆಮಿಷ. ‘ರೋಮಾ’, ‘ಕೋಲ್ಡ್ ವಾರ್’, ‘ದ ಲೈಟ್‌ಹೌಸ್’, ‘ಮ್ಯಾಂಕ್’, ‘ದ ಟ್ರಾಜೆಡಿ ಆಫ್ ಮ್ಯಾಕ್‌ಬೆತ್’, ‘ಎಲ್ ಕಾಂಡೆ’ ಎಲ್ಲ ಬಂದವು ನಿಜ, ಆದರೆ ಎಎಸ್‌ಸಿ ಪಟ್ಟಿಯಲ್ಲಿದ್ದ ‘ಬೆಲ್‌ಫಾಸ್ಟ್’ ಬರಲಿಲ್ಲ. ಬಂದವುಗಳಲ್ಲಿ ‘ಲೈಟ್‌ಹೌಸ್’ ಬಿಟ್ಟು ಮಿಕ್ಕವು ಎಎಸ್‌ಸಿಯಲ್ಲಿದ್ದವೇ. ಹೊಸ ಕಾಲಂ ಹೊಸದೇನನ್ನೂ ಹೇಳುವುದಿಲ್ಲ.

ಮೊತ್ತ ಐದು ಬರಲೇಬೇಕು

ಈಗ 2024ನ್ನು ಮುಚ್ಚಿಟ್ಟು ಉಳಿದ ಏಳು ವರ್ಷದಿಂದ ತೂಕ ತೆಗೆಯೋಣ. ಕೌಂಟ್‌ಇಫ್ಸ್‌ನಲ್ಲಿ ವರ್ಷದ ಕಾಲಂಗೆ ‘<>2024’ (2024 ಅಲ್ಲದ್ದು) ಎಂಬ ಷರತ್ತು ಸೇರಿಸಿದರೆ ಆಯಿತು. ಸಣ್ಣ ಎಣಿಕೆಗಳು ಶೇ 0 ಅಥವಾ 100ಕ್ಕೆ ಹೋಗದಂತೆ ಗೆದ್ದದ್ದಕ್ಕೆ 1, ಒಟ್ಟಿಗೆ 2 ಸೇರಿಸುವುದು ರೂಢಿ. ಎರಡೂ ಪಟ್ಟಿ: 27ರಲ್ಲಿ 23, ಸೇರಿಸಿದ ಮೇಲೆ 24/29, ಅಂದರೆ 0.83. ಎಎಸ್‌ಸಿ ಮಾತ್ರ: 7/10, 0.70. ಬಾಫ್ಟಾ ಮಾತ್ರ: 4/10, 0.40. ಎರಡೂ ಇಲ್ಲ: 4/64, 0.06.

2024ರಲ್ಲಿ ಎರಡೂ ಪಟ್ಟಿಯಲ್ಲಿದ್ದವು ನಾಲ್ಕು: ‘ದ ಬ್ರೂಟಲಿಸ್ಟ್’, ‘ಕಾನ್‌ಕ್ಲೇವ್’, ‘ಡ್ಯೂನ್: ಪಾರ್ಟ್ ಟೂ’, ‘ನೊಸ್‌ಫೆರಾಟು’. ಎಎಸ್‌ಸಿ ಮಾತ್ರ ಮೂರು: ‘ವಿಕೆಡ್’, ‘ಎ ಕಂಪ್ಲೀಟ್ ಅನ್‌ನೋನ್’, ‘ಮರಿಯಾ’. ಬಾಫ್ಟಾ ಮಾತ್ರ ‘ಎಮಿಲಿಯಾ ಪೆರೆಸ್’. ಉಳಿದ ಏಳು ಸಾಲು ಸೊನ್ನೆ ಡಬ್ಬಿ. ಎಲ್ಲ ಸಂಭಾವ್ಯತೆ ಕೂಡಿದರೆ 6.25. ಇರುವ ಕುರ್ಚಿ ಐದು! ಎಎಸ್‌ಸಿ ಆ ವರ್ಷ ಏಳು ಹೆಸರು ಕೊಟ್ಟದ್ದರ ಪರಿಣಾಮ ಇದು. ಪಟ್ಟಿ ಉದ್ದವಾದರೆ ಅದರಲ್ಲಿರುವ ಒಂದೊಂದು ಹೆಸರಿನ ಬೆಲೆ ಇಳಿಯಬೇಕು, ಹಾಳೆಗೆ ಅದು ತಾನಾಗಿ ತಿಳಿಯದು.

ಎಲ್ಲವನ್ನೂ 5/6.25ರಿಂದ ಗುಣಿಸಿ ಮುಗಿಸಬಹುದು ಎನಿಸುತ್ತದೆ. ಇಳಿಸುವಾಗ ಅದು ನಡೆಯುತ್ತದೆ, ಏರಿಸಬೇಕಾಗಿ ಬಂದಾಗ 0.95 ಇದ್ದದ್ದು 1ನ್ನು ದಾಟಿಬಿಡಬಹುದು. ಸರಿಯಾದ ದಾರಿ ಲಾಗ್-ಅನುಪಾತ. 24/29 ಇದ್ದರೆ ಗೆದ್ದದ್ದು 24, ಸೋತದ್ದು 5. 24/5ರ ಸಹಜ ಲಾಗ್ 1.57, ಅದೇ ಆ ಡಬ್ಬಿಯ ತೂಕ. ಹೀಗೇ ಉಳಿದವು 0.85, −0.41, −2.71. ಒಂದು ಕೋಶಕ್ಕೆ ‘ಜಾರು’ ಎಂದು ಹೆಸರಿಟ್ಟು 0 ಬರೆಯಿರಿ. ಪ್ರತಿ ಸಾಲಿನ ಸಂಭಾವ್ಯತೆ: 1 ಭಾಗ (1 + ಇಎಕ್ಸ್‌ಪಿ(−(ತೂಕ + ಜಾರು))). ಈಗ ಟೂಲ್ಸ್ ಮೆನುವಿನಲ್ಲಿ ಗೋಲ್ ಸೀಕ್: ಸೂತ್ರದ ಕೋಶ ಮೊತ್ತದ್ದು, ಗುರಿ 5, ಬದಲಾಗುವ ಕೋಶ ಜಾರು. ಉತ್ತರ −0.65 ಬರುತ್ತದೆ.

ಗೋಲ್ ಸೀಕ್ ಇಲ್ಲದವರು −2ರಿಂದ 2ರವರೆಗೆ 0.01 ಅಂತರದಲ್ಲಿ 401 ಸಾಲು ಎಳೆದು, ಮೊತ್ತ ಐದಕ್ಕೆ ತೀರ ಹತ್ತಿರವಿರುವುದನ್ನು ಆರಿಸಿಕೊಳ್ಳಬಹುದು. ಇಲ್ಲಿ ಪದೇಪದೇ ಆಗುವ ಎಡವಟ್ಟು: ಜಾರು ಕೋಶಕ್ಕೆ ಡಾಲರ್ ಚಿಹ್ನೆ ಹಾಕದೆ ಸೂತ್ರವನ್ನು ಕೆಳಗೆ ಎಳೆಯುವುದು. ಎರಡನೇ ಸಾಲಿನಿಂದ ಸೂತ್ರ ಖಾಲಿ ಕೋಶವನ್ನು ನೋಡುತ್ತದೆ, ಖಾಲಿ ಎಂದರೆ 0, ಜಾರು ಮೊದಲ ಸಾಲಿಗೆ ಮಾತ್ರ ತಾಗುತ್ತದೆ. ಗೋಲ್ ಸೀಕ್ ಪಾಪ ಆ ಒಂದು ಸಾಲನ್ನು ಪಾತಾಳಕ್ಕೆ ತಳ್ಳಿಯೂ ಮೊತ್ತ ಐದಕ್ಕೆ ಇಳಿಯಲಿಲ್ಲ ಎಂದು ಕೈಚೆಲ್ಲುತ್ತದೆ.

ಜಾರಿದ ಮೇಲೆ ಎರಡೂ ಪಟ್ಟಿಯವು 0.71, ಎಎಸ್‌ಸಿ ಮಾತ್ರ 0.55, ಬಾಫ್ಟಾ ಮಾತ್ರ 0.26, ಉಳಿದವು 0.03. ನಿಜವಾಗಿ ಬಂದದ್ದು ‘ಬ್ರೂಟಲಿಸ್ಟ್’, ‘ಡ್ಯೂನ್’, ‘ನೊಸ್‌ಫೆರಾಟು’, ‘ಮರಿಯಾ’, ‘ಎಮಿಲಿಯಾ ಪೆರೆಸ್’. ಮೇಲಿನ ನಾಲ್ಕರಲ್ಲಿ ಮೂರು ಸರಿ. ಐದನೇ ಕುರ್ಚಿಗೆ ಮೂರು ಚಿತ್ರ ಸಮ. ಹಾಳೆ ಅಲ್ಲಿ ಏನೂ ಹೇಳುವುದಿಲ್ಲ, ಹೇಳುವಂತೆ ಒತ್ತಾಯಿಸುವುದೂ ತಪ್ಪು. ಹೆಚ್ಚು ಸುದ್ದಿಯಲ್ಲಿರುವ ಚಿತ್ರ ಎಂದು ‘ವಿಕೆಡ್’ ಆರಿಸಿದವರು ಸೋತರು.

ಐದರಲ್ಲಿ ಎಷ್ಟು ಸರಿ ಎಂದಷ್ಟೇ ಎಣಿಸಿದರೆ ಅದೃಷ್ಟವೂ ಲೆಕ್ಕವೂ ಬೆರೆಯುತ್ತವೆ. ಬ್ರಯರ್ ಅಂಕ ವಾಸಿ: ಪ್ರತಿ ಸಾಲಿನಲ್ಲಿ ಸಂಭಾವ್ಯತೆಗೂ ಫಲಿತಾಂಶಕ್ಕೂ, ಅಂದರೆ 1 ಅಥವಾ 0ಗೂ, ಇರುವ ಅಂತರದ ವರ್ಗ, ಅದರ ಸರಾಸರಿ. ಕಡಿಮೆಯಾದಷ್ಟೂ ಒಳ್ಳೆಯದು. ಎಲ್ಲ ಸಾಲಿಗೂ 1/3 ಬರೆದು ಸುಮ್ಮನಿದ್ದರೆ 0.22. ಜಾರಿಸದ ನಾಲ್ಕು ಡಬ್ಬಿ 0.15. ಜಾರಿಸಿದ ಮೇಲೆ 0.14. ಜಾರಿನಿಂದ ಬಂದ ಲಾಭ ಸಣ್ಣದು. ದೊಡ್ಡ ಲಾಭ ಡಬ್ಬಿಗಳದ್ದು.

ಬೇರೆ ವಿಭಾಗಕ್ಕೆ ಒಯ್ಯುವಾಗ

ಇದೇ ಹಾಳೆಯನ್ನು ಬೇರೆ ಕಸುಬಿಗೆ ನಕಲು ಮಾಡುವ ಮುಂಚೆ ಒಂದು ಎಣಿಕೆ ನೋಡಿ. 92ರಿಂದ 97ನೇ ಆಸ್ಕರ್‌ವರೆಗೆ ಸಂಕಲನದ 30 ನಾಮಿನೇಷನ್‌ಗಳಲ್ಲಿ 29 ಅತ್ಯುತ್ತಮ ಚಿತ್ರಕ್ಕೂ ನಾಮಿನೇಟ್ ಆದವು. ಬಿಟ್ಟುಹೋದದ್ದು ‘ಟಿಕ್, ಟಿಕ್... ಬೂಮ್!’ ಒಂದೇ. ಅದೇ ಅವಧಿಯಲ್ಲಿ ಪ್ರಸಾಧನ ಮತ್ತು ಕೇಶವಿನ್ಯಾಸದಲ್ಲಿ 30ರಲ್ಲಿ 12. ವಿಷುವಲ್ ಎಫೆಕ್ಟ್ಸ್‌ನಲ್ಲಿ 8, ಅದರಲ್ಲೂ 93 ಮತ್ತು 96ನೇ ಆಸ್ಕರ್‌ನಲ್ಲಿ ಒಂದೂ ಇಲ್ಲ. ಅಂದರೆ ಸಂಕಲನಕ್ಕೆ, ಅತ್ಯುತ್ತಮ ಚಿತ್ರದ ನಾಮಿನೇಷನ್‌ಗಳ ಸುಳಿವನ್ನು ಮುಂಚೆಯೇ ಕೊಡುವ ಪಿಜಿಎ ಪಟ್ಟಿಯೇ ಮುಖ್ಯ ಕಾಲಂ. ಮೇಕಪ್‌ಗೆ ಅದು ಬಹುಮಟ್ಟಿಗೆ ದಂಡ. ‘ಕಮಿಂಗ್ 2 ಅಮೆರಿಕಾ’, ‘ಗೋಲ್ಡಾ’, ‘ಎ ಡಿಫರೆಂಟ್ ಮ್ಯಾನ್’ ಮೂರಕ್ಕೂ ಸಿಕ್ಕ ಏಕೈಕ ನಾಮಿನೇಷನ್ ಮೇಕಪ್ಪಿನದು. ಅಲ್ಲಿ ನೋಡಬೇಕಾದ್ದು ಮುಖ ಎಷ್ಟು ಬದಲಾಗಿದೆ ಎಂಬುದು.

ಮೇಕಪ್, ಶಬ್ದ, ವಿಷುವಲ್ ಎಫೆಕ್ಟ್ಸ್‌ಗೆ ಡಿಸೆಂಬರ್‌ನಲ್ಲೇ ಹತ್ತರ ಶಾರ್ಟ್‌ಲಿಸ್ಟ್ ಬರುತ್ತದೆ. ಅಲ್ಲಿಗೆ ಸಾಲು ಹತ್ತೇ, ‘ಇತರೆ’ ಬೇಡ. ಶಾರ್ಟ್‌ಲಿಸ್ಟ್‌ನಲ್ಲಿ ಇಲ್ಲದ್ದು ಎಷ್ಟು ದೊಡ್ಡದಾದರೂ ಸೊನ್ನೆ: 96ನೇ ಸಮಾರಂಭದಲ್ಲಿ ಏಳು ಆಸ್ಕರ್ ಗೆದ್ದ ‘ಆಪನ್‌ಹೈಮರ್’ ಎಫೆಕ್ಟ್ಸ್ ಹತ್ತರಲ್ಲೇ ಇರಲಿಲ್ಲ. ಆ ವರ್ಷ ಎಫೆಕ್ಟ್ಸ್ ಗೆದ್ದದ್ದು ‘ಗಾಡ್ಜಿಲ್ಲಾ ಮೈನಸ್ ಒನ್’, 35 ಜನ 610 ಶಾಟ್ ಮಾಡಿದ ಚಿತ್ರ. (ಈ ವಿಭಾಗದ ನಾಮಿನೇಷನ್‌ನಲ್ಲಿ ಹೆಸರಿಗೆ ನಾಲ್ಕೇ ಜನಕ್ಕೆ ಜಾಗ, ಬೆಂಗಳೂರಿನಲ್ಲಿ ಕೂತು ಹಾಲಿವುಡ್ ಚಿತ್ರಕ್ಕೆ ರಾತ್ರಿಯೆಲ್ಲ ರೋಟೋ, ಅಂದರೆ ಫ್ರೇಮು ಫ್ರೇಮಿನಲ್ಲೂ ಆಕೃತಿ ಕತ್ತರಿಸುವ ಕೆಲಸ, ಮಾಡಿದವರು ಅಂತ್ಯದ ಹೆಸರುಪಟ್ಟಿಯಲ್ಲಿ ತಮ್ಮನ್ನು ಹುಡುಕಿಕೊಳ್ಳಬೇಕು.)

ಮೇಕಪ್‌ಗೆ 91ನೇ ಆಸ್ಕರ್‌ವರೆಗೆ ಕುರ್ಚಿ ಮೂರೇ ಇತ್ತು, 92ರಿಂದ ಐದು. ಗೋಲ್ ಸೀಕ್‌ನ ಗುರಿಯನ್ನು ವರ್ಷವಾರು ಒಂದು ಕೋಶದಿಂದ ಓದಿಸಿ. ಶಬ್ದದಲ್ಲಿ 92ರವರೆಗೆ ಮಿಕ್ಸಿಂಗ್, ಎಡಿಟಿಂಗ್ ಎಂದು ಎರಡು ವಿಭಾಗ, 93ರಿಂದ ಒಂದು. 92ರಲ್ಲಿ ‘1917’, ‘ಜೋಕರ್’, ‘ಫೋರ್ಡ್ ವಿ ಫೆರಾರಿ’, ‘ಒನ್ಸ್ ಅಪಾನ್ ಎ ಟೈಮ್ ಇನ್ ಹಾಲಿವುಡ್’ ಎರಡರಲ್ಲೂ ಇದ್ದವು, ‘ಆಡ್ ಆಸ್ಟ್ರಾ’ ಮಿಕ್ಸಿಂಗ್‌ನಲ್ಲಿ ಮಾತ್ರ, ‘ದ ರೈಸ್ ಆಫ್ ಸ್ಕೈವಾಕರ್’ ಎಡಿಟಿಂಗ್‌ನಲ್ಲಿ ಮಾತ್ರ. ಎರಡರಲ್ಲೂ ಇದ್ದದ್ದಕ್ಕೆ 1, ಒಂದರಲ್ಲಿದ್ದದ್ದಕ್ಕೆ 0.5 ಕೊಟ್ಟರೆ ಮೊತ್ತ ಐದೇ ಬರುತ್ತದೆ.

ಕಲಾ ನಿರ್ದೇಶನದಲ್ಲಿ ಸಂಘದವರು ಪ್ರಶಸ್ತಿಯನ್ನು ಐತಿಹಾಸಿಕ, ಕಾಲ್ಪನಿಕ, ಸಮಕಾಲೀನ ಎಂದು ಮೂರಾಗಿ ಒಡೆಯುತ್ತಾರೆ, ಉಡುಪಿನಲ್ಲೂ ಹಾಗೆಯೇ. ಮೂರಕ್ಕೂ ಒಂದೇ ತೂಕ ಕೊಟ್ಟರೆ ಹಾಳೆ ಹಾಳು. 92ರಿಂದ 97ರವರೆಗೆ ಕಲಾ ನಿರ್ದೇಶನದ 30 ಸ್ಥಾನದಲ್ಲಿ ಕಾಲ್ಪನಿಕವಲ್ಲದ ಇಂದಿನ ಕಾಲದ ಕಥೆಗೆ ಸಿಕ್ಕದ್ದು ಮೂರು: ‘ಪ್ಯಾರಸೈಟ್’, ‘ದ ಫಾದರ್’, ‘ಕಾನ್‌ಕ್ಲೇವ್’. ಸಮಕಾಲೀನ ಪಟ್ಟಿಗೆ ಪ್ರತ್ಯೇಕ ಡಬ್ಬಿ ಮಾಡಿ.

ಸಂಗೀತಕ್ಕೆ ‘ಅರ್ಹತೆ’ ಕಾಲಂ ಕಡ್ಡಾಯ. ಮುಂದುವರಿದ ಭಾಗಗಳ ಸಂಗೀತದಲ್ಲಿ ಶೇ 80 ಹೊಸದಿರಬೇಕೆಂಬ ನಿಯಮವಿದೆ; ‘ಡ್ಯೂನ್: ಪಾರ್ಟ್ ಟೂ’ ಅದರಿಂದಲೇ ಕಣದಲ್ಲಿರಲಿಲ್ಲ. 98ನೇ ಆಸ್ಕರ್‌ನಿಂದ ಶುರುವಾದ ಕಾಸ್ಟಿಂಗ್, ಅಂದರೆ ಪಾತ್ರಕ್ಕೆ ನಟರನ್ನು ಆರಿಸುವ ಕೆಲಸದ ವಿಭಾಗಕ್ಕೆ ಎಣಿಸುವಷ್ಟು ಇತಿಹಾಸ ಇಲ್ಲ, ಹಾಳೆಯನ್ನು ಮುಟ್ಟಬೇಡಿ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೂ ಇದು ಹತ್ತುವುದಿಲ್ಲ. ಅಲ್ಲಿ ನಾಮಿನೇಷನ್ ಎಂಬುದೇ ಇಲ್ಲ, ವರ್ಷ ವರ್ಷ ಬದಲಾಗುವ ಒಂದು ಸಣ್ಣ ಜ್ಯೂರಿ ನೇರ ಗೆದ್ದವರನ್ನು ಹೇಳುತ್ತದೆ. 66ನೇ ರಾಷ್ಟ್ರೀಯ ಪ್ರಶಸ್ತಿಯಲ್ಲಿ ‘ಕೆಜಿಎಫ್: ಚಾಪ್ಟರ್ 1’ ಸ್ಪೆಷಲ್ ಎಫೆಕ್ಟ್ಸ್ ಮತ್ತು ಸಾಹಸಕ್ಕೆ ಗೆದ್ದದ್ದನ್ನು ಹಿಂದಿನ ರಾತ್ರಿ ಹೇಳುವಂಥ ಕಾಲಂ ಯಾವುದೂ ಇರಲಿಲ್ಲ.

ಹಿಂದಿನ ರಾತ್ರಿ

ನಾಮಿನೇಷನ್ ಓದುವುದು ಲಾಸ್ ಏಂಜಲೀಸ್‌ನ ಬೆಳಿಗ್ಗೆ 5.30ಕ್ಕೆ, ನಮ್ಮಲ್ಲಿ ಸಂಜೆ ಏಳು ಗಂಟೆ. ಹಿಂದಿನ ರಾತ್ರಿ ಹಾಳೆಯ ನಕಲು ತೆಗೆದು, ಸೂತ್ರಗಳನ್ನೆಲ್ಲ ಪೇಸ್ಟ್ ಸ್ಪೆಷಲ್‌ನಿಂದ ಬರೀ ಅಂಕಿ ಮಾಡಿ, ದಿನಾಂಕವಿಟ್ಟು ಪಿಡಿಎಫ್ ಉಳಿಸಿ. ಸೂತ್ರ ಬಿಟ್ಟರೆ ಮರುದಿನ ಫಲಿತಾಂಶ ತುಂಬಿದ ಕೂಡಲೇ ಹಳೆಯ ಊಹೆಯೂ ತಾನೇ ತಿದ್ದಿಕೊಂಡು ಕೂತಿರುತ್ತದೆ. ಫಲಿತಾಂಶ ಬಂದ ಮೇಲೆ ಮೊದಲು ಬ್ರಯರ್ ಅಂಕ, ಆಮೇಲೆ 15 ಹೊಸ ಸಾಲು, ಕೊನೆಗೆ ನಾಲ್ಕು ಡಬ್ಬಿಯ ಮರು ಎಣಿಕೆ. ತಪ್ಪಿದ ಚಿತ್ರದ ಮುಂದೆ ‘ಟಿಪ್ಪಣಿ’ ಕಾಲಂನಲ್ಲಿ ಕಾರಣ ಬರೆಯಬಹುದು, ಆದರೆ ಆ ಕಾರಣಕ್ಕೆ ಅದೇ ಸಂಜೆ ಹೊಸ ಕಾಲಂ ಹುಟ್ಟಿಸಬೇಡಿ; ಅಂಥದ್ದೇ ಇನ್ನೂ ಐದಾರು ಸಾಲು ಕೂಡುವವರೆಗೆ ಅದು ಟಿಪ್ಪಣಿಯಾಗಿಯೇ ಇರಲಿ.